ಹೆಸರಿಲ್ಲದ ಎಡೆ

ನಮ್ಮ ಸೀಮೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಮಂಡ್ಯ, ನಾಗಮಂಗಲದ ಸುತ್ತಿನ ಒಕ್ಕಲು ಮನೆಗಳ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಡುಮನೆಯಲ್ಲಿ ಬಾಳೆ ಎಲೆ ಹಾಸಿ, ತೀರಿಹೋದವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಒಬ್ಬೊಬ್ಬರ ಹೆಸರು ಹೇಳಿ ಕರೆಯುತ್ತೇವೆ. ಆಮೇಲೆ ಬಾಗಿಲು ಮುಂದಕ್ಕೆ ಮಾಡಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಸಾಲಿನ ಕೊನೆಗೆ ಒಂದು ಸಣ್ಣ ಎಲೆ ಇರುತ್ತಿತ್ತು. ಅದಕ್ಕೂ ಎಲ್ಲ ಬಡಿಸುತ್ತಿದ್ದರು. ಆದರೆ ಅಪ್ಪ ಆ ಎಲೆಯ ಮುಂದೆ ಕೂತಾಗ ಹೆಸರು ಹೇಳುತ್ತಿರಲಿಲ್ಲ. “ಅವ್ವಾ” ಎಂದು ಮೆಲ್ಲಗೆ ಒಂದು ಸಲ ಕರೆದು ಎದ್ದುಬಿಡುತ್ತಿದ್ದರು.

ನನಗೆ ಅದು ಒಗಟು. ಏಕೆಂದರೆ ಅಪ್ಪ ಅವ್ವಾ ಎಂದು ಕರೆಯುವ ನಮ್ಮಜ್ಜಿ ಆಗ ಬದುಕಿದ್ದರು. ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ದೊಡ್ಡವನಾದ ಮೇಲೆ ತಿಳಿಯಿತು. ಅಪ್ಪನನ್ನು ಹೆತ್ತವರು ಬೇರೆ. ಅಪ್ಪನಿಗೆ ಎರಡು ವರ್ಷ ತುಂಬಿದ್ದಾಗ ಅವರು ತೀರಿಕೊಂಡರು. ದೊಡ್ಡ ಜ್ವರ ಬಂದ ವರ್ಷ ಎಂದು ಊರಿನವರು ಹೇಳುತ್ತಿದ್ದರು. ಅಂದರೆ 1918. ಆ ವರ್ಷ ಇನ್‌ಫ್ಲುಯೆಂಜಾ ನಮ್ಮ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ತೆಗೆದುಕೊಂಡು ಹೋಯಿತು. 1911ರ ಜನಗಣತಿಗಿಂತ 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಕಡಿಮೆ ಇತ್ತು ಎಂದರೆ ಲೆಕ್ಕ ಹಾಕಿ.

ಮರುವರ್ಷ ಅಜ್ಜ ಇನ್ನೊಂದು ಮದುವೆಯಾದರು. ಹೊಸದಾಗಿ ಬಂದ ಅಜ್ಜಿ ಅಪ್ಪನನ್ನು ಹೊಟ್ಟೆಯಲ್ಲಿ ಹುಟ್ಟಿದವನ ಹಾಗೆಯೇ ಸಾಕಿದರು. ಅವರ ಮನಸ್ಸಿಗೆ ನೋವಾಗಬಾರದು ಎಂದು ಯಾರೂ ಮೊದಲಿನವರ ಮಾತೆತ್ತಲಿಲ್ಲ. ಅಜ್ಜನನ್ನು ಕೇಳೋಣವೆಂದರೆ, ಆ ಕಾಲದಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಹೇಳುವ ಪದ್ಧತಿಯೇ ಇರಲಿಲ್ಲ. ಹೀಗೆ ಹತ್ತು ವರ್ಷ, ಇಪ್ಪತ್ತು ವರ್ಷ ಕಳೆಯಿತು. ಹೆಸರು ಗೊತ್ತಿದ್ದವರೆಲ್ಲ ಹೊರಟುಹೋದರು. ಅಪ್ಪ ತಮ್ಮ ತಾಯಿಯ ಹೆಸರು ತಿಳಿಯದೆಯೇ 1989ರಲ್ಲಿ ಕಣ್ಣು ಮುಚ್ಚಿದರು.

ನಾನೂ ಮರೆತಿದ್ದೆ. ನೆನಪಿಸಿದವಳು ನನ್ನ ಮೊಮ್ಮಗಳು.

ಏಳನೇ ಕ್ಲಾಸಿನವಳು. ಹೋದ ವರ್ಷ ನವೆಂಬರಿನಲ್ಲಿ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದರು. ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಮರ ಬರೆದು, ಕೊಂಬೆಗಳಿಗೆ ಚೌಕಗಳನ್ನು ಅಂಟಿಸಿ, ನನ್ನ ಎದುರು ಕೂತಳು. ನನ್ನ ಹೆಸರು, ನನ್ನ ಹೆಂಡತಿಯ ಹೆಸರು, ಅಪ್ಪ, ಅಮ್ಮ, ಅಜ್ಜ ಎಲ್ಲ ಸರಸರ ಬರೆಸಿದೆ. ಅಜ್ಜನ ಪಕ್ಕದ ಚೌಕ ಬಂದಾಗ ನಿಂತೆ.

“ಇಲ್ಲಿ ಯಾರೂ ಇಲ್ವಾ ತಾತ?”

“ಇದ್ರು ಪುಟ್ಟ. ಹೆಸರು ಗೊತ್ತಿಲ್ಲ.”

“ನಿಮ್ಮಪ್ಪಂಗೆ ಅಮ್ಮ ಅಲ್ವಾ? ಅವರ ಹೆಸರೇ ಗೊತ್ತಿಲ್ವಾ?”

ಉತ್ತರ ಕೊಡಲಾಗಲಿಲ್ಲ. ಚೌಕ ಖಾಲಿ ಇಟ್ಟುಕೊಂಡೇ ಶಾಲೆಗೆ ಹೋದಳು. ಅವರ ಮಿಸ್ಸು ಅದರ ಪಕ್ಕ ಕೆಂಪು ಶಾಯಿಯಲ್ಲಿ ಪ್ರಶ್ನೆ ಗುರುತು ಹಾಕಿ ಕಳಿಸಿದರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಮನೆಗೆ ಹೋಗುತ್ತಿರಲಿಲ್ಲ. ಆ ಪ್ರಶ್ನೆ ಗುರುತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಮೊದಲು ಹುಡುಕಿದ್ದು ಅಪ್ಪನ ಟ್ರಂಕನ್ನು. ಊರಿನಲ್ಲಿ ಅಣ್ಣನ ಮನೆಯ ಅಟ್ಟದ ಮೇಲಿತ್ತು. ಅದರಲ್ಲಿ ಕಂದಾಯದ ರಶೀದಿಗಳು, ಎರಡು ಕ್ರಯಪತ್ರ, ಅಪ್ಪನ ಮೇಷ್ಟರ ಕೆಲಸದ ಕಾಗದಗಳು ಇದ್ದವು. ಎಲ್ಲ ಕಡೆಯೂ ಇಂಥವರ ಮಗ ಇಂಥವರು, ಇಂಥವರ ಮಗ ಇಂಥವರು. ಹೆಂಗಸಿನ ಹೆಸರೇ ಇಲ್ಲ. ಒಂದು ರಶೀದಿ ಮಾತ್ರ ವಿಚಿತ್ರವಾಗಿತ್ತು. ನಮ್ಮ ಊರಿನದಲ್ಲ, ಎಂಟು ಮೈಲಿ ಆಚೆಯ ಬೇರೊಂದು ಹಳ್ಳಿಯದು. ಅಜ್ಜನ ಹೆಸರಿನಲ್ಲಿ 1920ರಲ್ಲಿ ಕಟ್ಟಿದ ಕಂದಾಯ. ಸರ್ವೆ ನಂಬರು 63, ಖುಷ್ಕಿ, 1 ಎಕರೆ 20 ಗುಂಟೆ. ಆ ಹಳ್ಳಿಯಲ್ಲಿ ನಮಗೆ ಜಮೀನಿತ್ತು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅದನ್ನು ತೆಗೆದು ಬೇರೆ ಇಟ್ಟೆ.

ಎರಡನೆಯದು ಅಪ್ಪನ ಶಾಲೆ. ಶಾಲೆಗಳಲ್ಲಿ ದಾಖಲಾತಿ ಪುಸ್ತಕವನ್ನು ಎಂದೂ ಎಸೆಯುವುದಿಲ್ಲ, ಮಕ್ಕಳೇ. ಬೇರೆ ಕಾಗದ ಹೋದರೂ ಅದು ಉಳಿಯುತ್ತದೆ. ಅಪ್ಪ ಓದಿದ ಪಟ್ಟಣದ ಶಾಲೆಯ ಮುಖ್ಯೋಪಾಧ್ಯಾಯರು ಬೀರುವಿನಿಂದ ಹಳೆಯ ಪುಸ್ತಕ ತೆಗೆಸಿ ತೋರಿಸಿದರು. 1926ರ ಜೂನ್ ತಿಂಗಳಿನಲ್ಲಿ ಅಪ್ಪನ ಹೆಸರಿತ್ತು. ತಂದೆಯ ಹೆಸರು, ಊರು, ಕಸುಬು ವ್ಯವಸಾಯ. ತಾಯಿಯ ಹೆಸರಿಗೆ ಅಂಕಣವೇ ಇರಲಿಲ್ಲ. ಆದರೂ ದಿನಾಂಕ ಬರೆದುಕೊಂಡು ಬಂದೆ. ಬ್ಯಾಂಕಿನ ಅಭ್ಯಾಸ, ಉಪಯೋಗವಿಲ್ಲ ಎನಿಸಿದ್ದನ್ನೂ ಬರೆದಿಡುವುದು.

ಜನಗಣತಿಯ ಪಟ್ಟಿಯಲ್ಲಿ ಇರುವುದಿಲ್ಲವೇ ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬ್ರಿಟನ್ನಿನಲ್ಲಿ ನೂರು ವರ್ಷ ಕಳೆದ ಮೇಲೆ ಮನೆಮನೆಯ ಪಟ್ಟಿಯನ್ನು ಜನರಿಗೆ ಬಿಡುತ್ತಾರೆ. 1921ರ ಪಟ್ಟಿ 2022ರ ಜನವರಿಯಲ್ಲಿ ಹೊರಬಂತು. ನಮ್ಮಲ್ಲಿ ಹಾಗಿಲ್ಲ. ಮನೆಗೆ ಬಂದು ಬರೆದುಕೊಂಡ ವಿವರ ಗುಟ್ಟಿನದು. ಒಟ್ಟು ಅಂಕಿಗಳು ಪ್ರಕಟವಾಗುತ್ತವೆ, ಹೆಸರುಗಳು ಸಿಗುವುದಿಲ್ಲ.

ಮೂರನೆಯ ದಾರಿ ತಾನಾಗಿಯೇ ಮನೆ ಬಾಗಿಲಿಗೆ ಬಂತು. ಸುಗ್ಗಿ ಮುಗಿದ ಮೇಲೆ ಫೆಬ್ರವರಿಯಲ್ಲಿ ಅಣ್ಣ ಫೋನ್ ಮಾಡಿ, “ಹೆಳವರು ಬಂದವ್ರೆ, ಬೇಗ ಬಾ” ಎಂದ.

ಹೆಳವರು ಯಾರೆಂದು ಪಟ್ಟಣದ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ. ಮನೆತನಗಳ ವಂಶಾವಳಿ ಹೇಳುವುದೇ ಕಸುಬಾಗಿ ಬಂದವರು ಅವರು. ನಾನು ಹುಡುಗನಾಗಿದ್ದಾಗ ಸಿಂಗಾರ ಮಾಡಿದ ಎತ್ತಿನ ಮೇಲೆ ಕೂತು, ಕಂಬಳಿ ಹೊದ್ದು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಒಬ್ಬೊಬ್ಬ ಹೆಳವರಿಗೆ ಇಂತಿಷ್ಟು ಊರು, ಇಂತಿಷ್ಟು ಮನೆ ಎಂದು ಅವರವರಲ್ಲೇ ಹಂಚಿಕೆ ಇರುತ್ತದೆ. ನಿಮ್ಮ ಮೂಲ ಯಾವ ಊರು, ಅಲ್ಲಿಂದ ಏಕೆ ಹೊರಟಿರಿ, ಎಷ್ಟು ಜನ ಅಣ್ಣತಮ್ಮಂದಿರು, ಯಾರು ಎಲ್ಲಿ ಹೋಗಿ ನೆಲೆಸಿದರು, ಎಲ್ಲವನ್ನೂ ರಾಗವಾಗಿ ಹೇಳುತ್ತಾರೆ. ಆಮೇಲೆ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ದವಸವೋ ದುಡ್ಡೋ ಬಟ್ಟೆಯೋ ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಹರಿದ್ವಾರದ ಪಂಡರು ಯಾತ್ರಿಕರ ಹೆಸರುಗಳನ್ನು ವಹಿಗಳಲ್ಲಿ ಬರೆದಿಡುತ್ತಾರಲ್ಲ, ಹಾಗೆಯೇ ಇದು. ವ್ಯತ್ಯಾಸವೆಂದರೆ ಅಲ್ಲಿಗೆ ನಾವು ಹೋಗಬೇಕು, ಹೆಳವರು ನಮ್ಮ ಬಾಗಿಲಿಗೇ ಬರುತ್ತಾರೆ.

ಈ ಸಲ ಬಂದಿದ್ದ ಹೆಳವರು ಮೋಟರ್ ಬೈಕಿನಲ್ಲಿ ಬಂದಿದ್ದರು. ಕೈಯಲ್ಲಿ ದಪ್ಪ ನೋಟ್‌ಬುಕ್ಕು. ಅವರ ತಾತನ ಪುಸ್ತಕ ನೋಡಿ ನಕಲು ಮಾಡಿಕೊಂಡದ್ದಂತೆ. ಒಂಬತ್ತು ತಲೆಮಾರು ಹೇಳಿದರು. ಎಲ್ಲ ಗಂಡಸರೇ. ನಾನು ಸುಮ್ಮನಿರಲಾರದೆ, “ಸ್ವಾಮಿ, ನಮ್ಮಜ್ಜನ ಮೊದಲ ಹೆಂಡತಿ ಹೆಸರೇನಾದರೂ ಇದೆಯಾ?” ಎಂದೆ.

ಪುಸ್ತಕ ತಿರುವಿ ಹಾಕಿ, “ಹೆಸರಿಲ್ಲ ಕಣ್ರಪ್ಪ. ಹೆಣ್ಣು ತಂದ ಊರು ಬರೆದದೆ” ಎಂದರು. ಊರಿನ ಹೆಸರು ಹೇಳಿದರು.

ಆ ವಿಚಿತ್ರ ರಶೀದಿಯ ಊರು ಅದೇ!

ಅಲ್ಲಿಗೆ ಅರ್ಧ ಅರ್ಥವಾಯಿತು. ಹಿಂದೆ ಮಗಳನ್ನು ಧಾರೆ ಎರೆದು ಕೊಡುವಾಗ ಅನುಕೂಲಸ್ಥ ತಂದೆಯರು ಅವಳ ಅರಿಶಿನ ಕುಂಕುಮಕ್ಕೆಂದು ತುಂಡು ಭೂಮಿ ಕೊಡುತ್ತಿದ್ದರು. 1 ಎಕರೆ 20 ಗುಂಟೆ ಅಂಥದ್ದೇ ಇರಬೇಕು. ಆಕೆ ತೀರಿಕೊಂಡ ಮೇಲೆ ಅಜ್ಜ ಅದರ ಕಂದಾಯ ಕಟ್ಟಿದ್ದಾರೆ. ಈಗ ಆ ಜಮೀನು ನಮ್ಮ ಬಳಿ ಇಲ್ಲ. ಅಂದರೆ ಎಂದೋ ಮಾರಿದ್ದಾರೆ. ಮಾರಿದ್ದರೆ ಕ್ರಯಪತ್ರವಿರಬೇಕು. ಕ್ರಯಪತ್ರದಲ್ಲಿ ಆ ಜಮೀನು ಮಾರುವವನಿಗೆ ಹೇಗೆ ಬಂತು ಎಂದು ಬರೆಯಲೇಬೇಕು!

ಇದು ನನಗೆ ಗೊತ್ತಿದ್ದ ದಾರಿ. ಬ್ಯಾಂಕಿನಲ್ಲಿ ಸಾಲ ಕೊಡುವ ಮುಂಚೆ ಎಷ್ಟು ಕ್ರಯಪತ್ರ ಓದಿದ್ದೇನೋ ಲೆಕ್ಕವಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾದ ಪ್ರತಿ ಪತ್ರದ ನಕಲೂ ಪುಸ್ತಕದಲ್ಲಿ ಇರುತ್ತದೆ. ಜೊತೆಗೆ ಎರಡು ಸೂಚಿಗಳು. ಒಂದು ಜನರ ಹೆಸರಿನಿಂದ ಹುಡುಕಲು, ಇನ್ನೊಂದು ಜಮೀನಿನಿಂದ ಹುಡುಕಲು. ಜಮೀನಿನ ಪತ್ರಗಳ ಪುಸ್ತಕವನ್ನೂ ಸೂಚಿಗಳನ್ನೂ ನಿಗದಿಯಾದ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು ಎಂದು 1908ರ ನೋಂದಣಿ ಕಾಯ್ದೆಯಲ್ಲೇ ಇದೆ.

ಅರ್ಜಿ ಹಾಕಿ ಶುಲ್ಕ ಕಟ್ಟಿದೆ. ಹೆಸರಿನ ಸೂಚಿಯಲ್ಲಿ ಅಜ್ಜನ ಹೆಸರಿನವರೇ ಹನ್ನೊಂದು ಜನ ಸಿಕ್ಕಿದರು. ಆ ಕಾಲದಲ್ಲಿ ಊರಿಗೆ ನಾಲ್ಕು ಜನರಿಗೆ ಆ ಹೆಸರು. ಹಾಗಾಗಿ ಜಮೀನಿನ ಸೂಚಿ ಹಿಡಿದೆವು. ಆ ಹಳ್ಳಿ, ಸರ್ವೆ ನಂಬರು 63, 1918ರಿಂದ 1930ರವರೆಗೆ. ಇಡೀ ದಿನ ನೋಡಿದರೂ ನಮ್ಮದು ಸಿಗಲಿಲ್ಲ. ನಂಬರು 63 ಬೇರೆ ಯಾರದೋ. ಅವರು ಮಾರಿಯೂ ಇಲ್ಲ, ಕೊಂಡೂ ಇಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಬ್ಯಾಂಕಿನ ಹಳೆಯ ಪಾಠವೊಂದು ತಲೆಗೆ ಹೊಳೆಯಿತು. ಮಕ್ಕಳೇ, ಇದನ್ನು ನೀವೂ ಕಲಿತುಕೊಳ್ಳಿ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ, ಅಕ್ಕಪಕ್ಕದ ಎರಡು ಅಂಕಿಗಳನ್ನು ಯಾರೋ ಅದಲುಬದಲು ಬರೆದಿರಬಹುದು ಎಂದು ಮೊದಲು ಅನುಮಾನಿಸಬೇಕು. 54ರ ಬದಲು 45 ಎಂದು ಬರೆದರೆ ವ್ಯತ್ಯಾಸ 9. 82ರ ಬದಲು 28 ಎಂದರೆ 54. ಅದೂ 9ರಿಂದ ಭಾಗವಾಗುತ್ತದೆ. ಯಾವ ಎರಡಂಕಿ ತೆಗೆದುಕೊಂಡರೂ ಹೀಗೆಯೇ. ಮಾಡಿ ನೋಡಿ. ನಮ್ಮ ಕಾಲದಲ್ಲಿ ಕಂಪ್ಯೂಟರ್ ಇಲ್ಲದೆ ತಪ್ಪು ಹಿಡಿಯುತ್ತಿದ್ದದ್ದು ಹೀಗೆ. ಕೈಯಲ್ಲಿ ಬರೆಯುವವರು ಹೊಸ ತಪ್ಪು ಮಾಡುವುದಕ್ಕಿಂತ ಅಂಕಿ ತಿರುಗಿಸಿ ಬರೆಯುವುದೇ ಹೆಚ್ಚು.

63 ಅಲ್ಲದಿದ್ದರೆ 36?

ಮತ್ತೆ ಹೋದೆ. ಅದು ಬೇಸಿಗೆ ರಜೆಯಾದ್ದರಿಂದ ಈ ಸಲ ಮೊಮ್ಮಗಳೂ ಬಂದಳು. ಸರ್ವೆ ನಂಬರು 36ರ ಎದುರು 1926ನೇ ಇಸವಿಯ ಒಂದು ಕ್ರಯಪತ್ರವಿತ್ತು. ವಿಸ್ತೀರ್ಣ 1 ಎಕರೆ 20 ಗುಂಟೆ. ರಶೀದಿಯಲ್ಲಿದ್ದ ವಿಸ್ತೀರ್ಣವೇ. ಮಾರಿದವರು ನಮ್ಮಜ್ಜ. ನಕಲು ಸಿಗಲು ಎರಡು ವಾರ ಹಿಡಿಯಿತು. ಅಷ್ಟು ಹಳೆಯ ಪುಸ್ತಕ, ಮುಟ್ಟಿದರೆ ಅಂಚು ಉದುರುತ್ತಿತ್ತು. ಆ ಕಚೇರಿಯ ಹುಡುಗ ಒಂದೊಂದು ಹಾಳೆಯನ್ನೂ ಮಗುವಿನ ಹಾಗೆ ಎತ್ತಿ ತಿರುಗಿಸಿದ.

ಹಳೆಯ ಕೂಡಕ್ಷರ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಭೂತಕನ್ನಡಿ ಹಿಡಿದು ನಾನು ಓದಿದೆ, ಮೊಮ್ಮಗಳು ಬರೆದುಕೊಂಡಳು. ಅಜ್ಜ ತಮ್ಮ ಮೈನರ್ ಮಗನ ಪರವಾಗಿ ಗಾರ್ಡಿಯನ್ ಆಗಿ ಬರೆದುಕೊಟ್ಟ ಪತ್ರ. ನನ್ನ ಮೊದಲನೇ ಹೆಂಡತಿ ಮೃತಳಾದ ಇಂಥವಳಿಗೆ ಅವಳ ತಂದೆ ಅರಿಶಿನ ಕುಂಕುಮದ ಬಾಬ್ತು ಕೊಟ್ಟಿದ್ದು, ಅವಳ ಕಾಲಾನಂತರ ಸದರಿ ಮೈನರಿಗೆ ಬಂದಿರುವ ಜಮೀನು ಎಂದು ಬರೆದಿತ್ತು.

ಇಂಥವಳು ಎಂದು ನಾನು ಬರೆದ ಜಾಗದಲ್ಲಿ ಹೆಸರಿತ್ತು.

ಮೊಮ್ಮಗಳು ಜೋರಾಗಿ ಓದಿದಳು. ನೂರು ವರ್ಷದ ಮೇಲೆ ನಮ್ಮ ಮನೆಯವರೊಬ್ಬರ ಬಾಯಲ್ಲಿ ಆ ಹೆಸರು ಬಂತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಪತ್ರ ಅಲ್ಲಿಗೆ ಮುಗಿದಿರಲಿಲ್ಲ. ಮೈನರ್ ಆಸ್ತಿ ಮಾರಬೇಕಾದರೆ ಕಾರಣ ಬರೆಯಬೇಕು. ಸದರಿ ಮೈನರಿನ ವಿದ್ಯಾಭ್ಯಾಸದ ಖರ್ಚಿನ ಸಲುವಾಗಿ ಎಂದಿತ್ತು. ಪತ್ರ ಬರೆಯುವವರು ರೂಢಿಯಿಂದ ಇಂಥ ಮಾತು ಸೇರಿಸುವುದುಂಟು. ಅದೊಂದನ್ನೇ ನಂಬಿದರೆ ಗುಮಾಸ್ತನಾಗಿ ನಾನು ತಪ್ಪು ಮಾಡಿದ ಹಾಗೆ. ಆದರೆ ಪತ್ರದ ತಾರೀಕು 1926ರ ಮೇ ತಿಂಗಳಿನದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಪ್ಪ ಪಟ್ಟಣದ ಶಾಲೆಗೆ ಸೇರಿದ್ದು ಅದೇ ವರ್ಷದ ಜೂನ್. ಉಪಯೋಗವಿಲ್ಲ ಎಂದುಕೊಂಡು ಬರೆದಿಟ್ಟ ದಿನಾಂಕ! ಒಂದು ಪುಸ್ತಕದಲ್ಲಿ ಜಮೆ, ಇನ್ನೊಂದರಲ್ಲಿ ಖರ್ಚು. ತಾಳೆಯಾಯಿತು.

ಅಪ್ಪ ನಮಗೆ ಯಾವಾಗಲೂ ಹೇಳುತ್ತಿದ್ದರು, “ನಮ್ಮಪ್ಪ ಎತ್ತು ಮಾರಿ ನನ್ನ ಓದಿಸಿದ” ಎಂದು. ಅಜ್ಜ ಹಾಗೆ ಹೇಳಿದ್ದರೋ, ಅಪ್ಪನೇ ಊಹಿಸಿಕೊಂಡಿದ್ದರೋ. ಓದಿಸಿದ್ದು ಎತ್ತಲ್ಲ. ತಾನು ಮುಖವನ್ನೂ ನೆನಪಿಟ್ಟುಕೊಳ್ಳಲಾಗದ ತಾಯಿಯ ಒಂದೂವರೆ ಎಕರೆ ಭೂಮಿ. ಆ ಓದಿನಿಂದ ಅಪ್ಪ ಮೇಷ್ಟರಾದರು. ಅಪ್ಪ ಮೇಷ್ಟರಾದ್ದರಿಂದ ನಾನು ಬಿ.ಕಾಂ. ಮಾಡಿದೆ, ಬ್ಯಾಂಕು ಸೇರಿದೆ. ಅಪ್ಪನಿಗೆ ಇದು ಗೊತ್ತಾಗಿದ್ದರೆ ಆ ಸಣ್ಣ ಎಲೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದರೋ ಏನೋ. ನಾನು ಕೆಲಸದಲ್ಲಿದ್ದಾಗ ಆ ಕಚೇರಿಗೆ ತಿಂಗಳಿಗೆರಡು ಸಲ ಹೋಗುತ್ತಿದ್ದೆ. ಅಪ್ಪ ಆಗ ಬದುಕಿದ್ದರು. ಒಂದು ಸಲ ಹುಡುಕಿದ್ದರೆ ಸಾಕಿತ್ತು. ಈ ಮಾತು ನನ್ನನ್ನು ಬಿಡದು.

ಅಜ್ಜ ಅಜ್ಜಿಯರೇ, ಇದನ್ನು ಬರೆದದ್ದು ಅದಕ್ಕೇ. ನಮ್ಮ ದೇಶದ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಅಂಥ ಸುಮಾರು 28 ಲಕ್ಷ ಮಂದಿಯನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಆದರೆ ನಮ್ಮ ಮನೆಗಳ ವಂಶವೃಕ್ಷಗಳನ್ನು ತೆಗೆದು ನೋಡಿದರೆ ನಾವೂ ಅದನ್ನೇ ಮಾಡಿದ್ದೇವೆ. ಈಗ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಇರುವುದರಿಂದ, ಮಗಳ ಹೆಸರು ಬಿಟ್ಟ ವಂಶವೃಕ್ಷ ತಂದರೆ ಯಾವ ಬ್ಯಾಂಕೂ ಒಪ್ಪುವುದಿಲ್ಲ. ಬ್ಯಾಂಕಿಗಾಗಿ ಬರೆಯುವ ಹೆಸರನ್ನು ಮನೆಗಾಗಿಯೂ ಬರೆದಿಡಿ.

ಮಕ್ಕಳೇ, ನಿಮಗೆ ಈ ವಾರದ ಕೆಲಸ ಇಷ್ಟು. ಒಂದು ಇನ್ನೂರು ಪುಟದ ನೋಟ್‌ಬುಕ್ಕು ತೆಗೆದುಕೊಳ್ಳಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಪಕ್ಕ ಕೂತು ಅವರ ಅಪ್ಪ, ಅಮ್ಮ, ಅಜ್ಜಿ, ಅಜ್ಜಂದಿರ ಹೆಸರು ಕೇಳಿ ಬರೆಯಿರಿ. ಅಮ್ಮನ ಕಡೆಯವರನ್ನೂ ಬಿಡಬೇಡಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಎರಡೂ ಹೆಸರು ಬರೆಯಿರಿ. ಹಾಗೆ ಬದಲಾದವರೇ ದಾಖಲೆಗಳಲ್ಲಿ ಕಳೆದುಹೋಗುವುದು. ತವರೂರು ಯಾವುದು ಎಂದು ಕೇಳಿ. ಹಳೆಯ ಹಿತ್ತಾಳೆ, ಸ್ಟೀಲು ಪಾತ್ರೆಗಳನ್ನು ತಿರುಗಿಸಿ ನೋಡಿ, ಕೊಟ್ಟವರ ಹೆಸರು ಕೆತ್ತಿರುತ್ತದೆ. ಫೋಟೋಗಳ ಹಿಂಬದಿ ನೋಡಿ. ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ಯಾವ ಕಾಗದದಲ್ಲಿ ನೋಡಿದಿರಿ, ಯಾರು ಹೇಳಿದರು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆ ತಾಳೆ ನೋಡಿ.

ಆ ಅಜ್ಜಿಯ ಹೆಸರೇನು ಎಂದು ನೀವು ಕೇಳುತ್ತೀರಿ. ನಮ್ಮ ಸೀಮೆಯ ಗ್ರಾಮದೇವತೆಯೊಬ್ಬಳ ಹೆಸರು, ಅಷ್ಟು ಹೇಳಬಲ್ಲೆ. ಮಹಾಲಯ ಅಮಾವಾಸ್ಯೆ ಇನ್ನು ಎಂಟು ದಿನವಿದೆ. ಎಡೆಯ ಮುಂದೆ ಅಣ್ಣ ಮೊದಲು ಕೂಗಿ ಕರೆಯಲಿ, ಅದಕ್ಕೂ ಮುಂಚೆ ಪತ್ರಿಕೆಯಲ್ಲಿ ಅಚ್ಚಾಗುವುದು ಬೇಡ ಎಂದು ಮೊಮ್ಮಗಳು ಹೇಳಿದಳು. ನನಗೂ ಸರಿ ಎನಿಸಿತು. ಅವಳ ಹಾಳೆಯ ಚೌಕದಲ್ಲಿ ಮಾತ್ರ ಹೆಸರು ಕೂತಿದೆ. ಕೆಂಪು ಪ್ರಶ್ನೆ ಗುರುತನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದಾಳೆ.

ಅಣ್ಣನಿಗೆ ಫೋನ್ ಮಾಡಿ ಹೆಸರು ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅಲ್ಲ ಕಣೋ, ಆ ತಾಯಿಗೆ ಏನಿಷ್ಟ ಇತ್ತು ಅಂತ ಗೊತ್ತಿಲ್ವಲ್ಲ, ಎಡೆಗೆ ಏನು ಮಾಡಿಸೋದು?” ಎಂದ.

ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: “ಎಲ್ಲಾನೂ ಮಾಡ್ತೀನಿ ಅಂತ ಹೇಳಿ. ಈ ಸಲ ದೊಡ್ಡ ಎಲೆ ಹಾಕೋಣ.”